ಅವನು ನಿಂತ ಹಲಗೆ

ಮಕ್ಕಳೇ, ಮೊದಲು ಬೂಟಿನ ಮೇಲೆ ಈ ಉಣ್ಣೆಯ ಚೀಲ ತೊಡಿ.
ನಿಮ್ಮೆಲ್ಲರ ವಯಸ್ಸು ಕೂಡಿಸಿದರೆ ಎಷ್ಟೋ
ಅಷ್ಟು ಈ ನೆಲದ ವಯಸ್ಸು.
ಜಾರಬಹುದು, ಓಡಬಾರದು.
ಹಾಂ, ಹೀಗೇ. ಬನ್ನಿ.

ವ್ರಾನೊವೆಟ್ಸ್ ಕೋಟೆಯ ದೊಡ್ಡ ಹಜಾರ ಇದು.
ತಲೆ ಎತ್ತಿ. ಇನ್ನೂ ಎತ್ತಿ.
ಚಾವಣಿಯಲ್ಲಿ ಬಣ್ಣದ ಬೇಟೆ ನಡೆದೇ ಇದೆ:
ಜಿಂಕೆ ಇನ್ನೂ ಸಿಕ್ಕಿಲ್ಲ, ನಾಯಿ ಇನ್ನೂ ದಣಿದಿಲ್ಲ.
ಗೋಡೆಗೆ ಹನ್ನೊಂದು ಕನ್ನಡಿ;
ಒಬ್ಬ ಒಳಗೆ ಬಂದರೆ ಹನ್ನೆರಡು ಮಂದಿ ಬಂದಂತೆ.

ಇಲ್ಲಿಯೇ, ಒಂದು ಚಳಿಗಾಲದ ರಾತ್ರಿ,
ವೆಂಡೆಲೀನ್ ತನ್ನ ಗೆಳೆಯ ಮತೌಶನನ್ನು ಹಿಡಿದುಕೊಟ್ಟ.

ಇಬ್ಬರೂ ಹಿಮದ ಕಣಿವೆ ದಾಟಿ ಬಂದವರು.
ಇದ್ದದ್ದು ಒಂದೇ ಜೊತೆ ಕೈಗವಸು:
ಎಡಗೈಯದು ಅವನಿಗೆ, ಬಲಗೈಯದು ಇವನಿಗೆ.
ತೋಳಗಳಿಗೆ ಹೆದರಿ ಮೂರು ರಾತ್ರಿ ಮರದ ಮೇಲೆ,
ಒಬ್ಬ ನಿದ್ದೆ ಮಾಡಿದರೆ ಒಬ್ಬ ಅವನ ಬೆಲ್ಟು ಹಿಡಿದು.
ಅಂಗಿಯ ಹೊಲಿಗೆಯೊಳಗೆ ಸುರಂಗದ ನಕ್ಷೆ.
ಎಲ್ಲ ಗೆದ್ದು ಬಂದದ್ದು ಈ ಬಾಗಿಲಿಗೆ,
ಈ ಮೇಜಿಗೆ, ಹುರಿದ ಬಾತುಕೋಳಿಯ ಮುಂದಕ್ಕೆ.
ಪ್ರಭು ಕೇಳಿದ: ನಕ್ಷೆ ಯಾರ ಹತ್ತಿರ ಇದೆ?
ವೆಂಡೆಲೀನ್ ಬಾಯಿ ತೆರೆಯಲಿಲ್ಲ.
ಕೈಗವಸಿನ ಕೈ ಎತ್ತಿ ತೋರಿಸಿದ, ಅಷ್ಟೇ.
ಹನ್ನೊಂದು ಕನ್ನಡಿಗಳಲ್ಲಿ ಹನ್ನೊಂದು ಕೈ ಎದ್ದವು.

ಇಲ್ಲಿ ನಾನು ಸುಮ್ಮನಾಗುತ್ತೇನೆ,
ಏಳು ಎಣಿಸುವಷ್ಟು. ಇಪ್ಪತ್ತಾರು ವರ್ಷದ ಅಭ್ಯಾಸ.
ಹಿಂದಿನ ಸಾಲಿನ ತುಂಟನೂ ಉಸಿರು ಹಿಡಿಯುತ್ತಾನೆ.

ದಾಖಲೆ ಹೇಳುವುದೇ ಬೇರೆ.
ಕೆಳಗೆ ನೆಲಮಾಳಿಗೆಯಲ್ಲಿ, ಇಲಿ ಕಡಿದ ಹಾಳೆಯಲ್ಲಿ:
ನಡೆದದ್ದು ಕುದುರೆ ಲಾಯದಲ್ಲಿ, ಬೆಳ್ಳಂಬೆಳಗ್ಗೆ,
ಎರಡು ಮೂಟೆ ಬಾರ್ಲಿಗೆ.
ಸಾಕ್ಷಿ ಒಂದು ಹೇಸರಗತ್ತೆ.
ಮೊದಮೊದಲು ಹಾಗೆಯೇ ಹೇಳುತ್ತಿದ್ದೆ.
ಮಕ್ಕಳು ಆಕಳಿಸಿದರು. ಒಬ್ಬಳು ಕೇಳಿದಳು:
ಹೇಸರಗತ್ತೆಯ ಹೆಸರೇನು?
ಲದ್ದಿಯ ಪಕ್ಕ ಬಿದ್ದಿದ್ದ ದ್ರೋಹ
ಯಾರ ಕಣ್ಣಿಗೂ ಬೀಳಲಿಲ್ಲ.
ಒಂದು ಏಪ್ರಿಲ್‌ನಲ್ಲಿ ಅದನ್ನೆತ್ತಿ, ಕೊಡವಿ,
ನಲವತ್ತು ಮೆಟ್ಟಿಲು ಹತ್ತಿಸಿ ಇಲ್ಲಿ ತಂದಿಟ್ಟೆ.
ಉಂಡ ಮನೆಗೆ ಎರಡು ಬಗೆಯಲು
ಮೊದಲು ಮನೆ ಅಂತ ಒಂದು ಬೇಕಲ್ಲ,
ಬೀಳುವವನಿಗೆ ಎತ್ತರ ಬೇಕಲ್ಲ.

ನನ್ನದು ನಡೆದದ್ದು ಅಡುಗೆಮನೆಯಲ್ಲಿ.
ಬ್ರ್ನೋ ನಗರ, ನಾಲ್ಕನೇ ಮಹಡಿ, ಹಸಿರು ಲಿನೋಲಿಯಂ,
ರೇಡಿಯೇಟರ್ ಮೇಲೆ ಒಣಗುತ್ತಿದ್ದ ಕಾಲುಚೀಲ.
ಯಾರ್ಮಿಲ ಪ್ಲಮ್ ಕಡುಬು ತಿಂದಳು, ಐದು.
ಇನ್ನಷ್ಟು ಸಕ್ಕರೆ ಕೇಳಿದಳು.
ಅಣ್ಣ ಒಟಾಕರ್ ಯಾವ ರೈಲಿಗೆ ಗಡಿಯ ಕಡೆ ಹೊರಟನೆಂದೂ ಕೇಳಿದಳು,
ಅದೇ ದನಿಯಲ್ಲಿ.
ಸಕ್ಕರೆ ಕೊಟ್ಟೆ. ರೈಲಿನ ಹೊತ್ತು ಹೇಳಿದೆ.
ಅವಳು ಹೋದಮೇಲೆ ತಟ್ಟೆ ತೊಳೆದು ಬೋರಲು ಹಾಕಿದೆ.

ಆಮೇಲೆ ಎಷ್ಟೋ ವರ್ಷಕ್ಕೆ, ಸರ್ಕಾರ ಬದಲಾದಾಗ,
ಕಡತ ತೆರೆದರು. ಟೈಪು ಮಾಡಿದ ಒಂದೂವರೆ ಸಾಲು.
ಕಡುಬಿನ ಮಾತೇ ಇರಲಿಲ್ಲ.
ಆ ಕೋಣೆಯನ್ನು ಎಷ್ಟು ಸಲ ನೆನೆದರೂ
ನಲ್ಲಿ ತೊಟ್ಟಿಕ್ಕುತ್ತದೆ, ಅಷ್ಟೇ;
ಗೋಡೆ ಏನನ್ನೂ ತಿರುಗಿ ಹೇಳುವುದಿಲ್ಲ.

ಅಜ್ಜಿ, ವೆಂಡೆಲೀನ್ ನಿಂತದ್ದು ಎಲ್ಲಿ?

ಯಾರಾದರೂ ಕೇಳಿಯೇ ಕೇಳುತ್ತಾರೆ.
ಕಿಟಕಿಯಿಂದ ಮೂರನೇ ಹಲಗೆ, ಗಂಟಿರುವುದು, ತೋರಿಸುತ್ತೇನೆ.
ಮಕ್ಕಳು ಅದನ್ನು ಬಿಟ್ಟು ಜಾರುತ್ತಾರೆ,
ಕೆಂಡ ಬಿದ್ದಿದೆಯೇನೋ ಎಂಬಂತೆ.

ಇವತ್ತು ಒಬ್ಬಳು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವಳು,
ನೆಟ್ಟಗೆ ಹೋಗಿ ಅದರ ಮೇಲೆ ನಿಂತಳು.
ಕೈ ಎತ್ತಿದಳು ತನ್ನ ಗೆಳತಿಯ ಕಡೆ.
ಕನ್ನಡಿಗಳನ್ನೆಲ್ಲ ನೋಡಿದಳು, ಒಂದೊಂದಾಗಿ.
ಕೈ ಮೆಲ್ಲಗೆ ಕೆಳಗಿಳಿಯಿತು.
ಗೆಳತಿ ನಗಲಿಲ್ಲ.

ನಡೆಯಿರಿ ಮಕ್ಕಳೇ, ಹೊತ್ತಾಯಿತು.
ಉಣ್ಣೆಯ ಚೀಲಗಳನ್ನು ಬುಟ್ಟಿಗೆ ಹಾಕಿ, ಜೊತೆ ತಪ್ಪದ ಹಾಗೆ.
ಲಾಯವೇ? ಅಲ್ಲೇನೂ ಇಲ್ಲ, ಬೀಗ ಹಾಕಿದೆ.